ಮತದಾನದ ಹಿಂದಿನ ರಾತ್ರಿ ಬರುವ ಆಡಿಯೊ: ನಂಬುವುದೋ ಬಿಡುವುದೋ?

ಪ್ರಶ್ನೆ: ನಮ್ಮದು ಚಿಕ್ಕ ಹಳ್ಳಿ. ಪಂಚಾಯ್ತಿ ಚುನಾವಣೆ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ದಿನಕ್ಕೊಂದು ಆಡಿಯೊ ಓಡಾಡುತ್ತದೆ. ಈಗ ಯಾರ ದನಿಯನ್ನು ಬೇಕಾದರೂ ಎಐ ಮಾಡಿಕೊಡುತ್ತದಂತೆ. ನಾಳೆ ಮತದಾನ ಎನ್ನುವಾಗ ಅಭ್ಯರ್ಥಿಯೊಬ್ಬರ ದನಿಯಲ್ಲಿ ಒಂದು ಜಾತಿಯನ್ನು ಬೈದ ಆಡಿಯೊನೋ ದುಡ್ಡು ಹಂಚುವ ಮಾತಿನದ್ದೋ ಬಂದರೆ, ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ? ಎಐನಿಂದ ಪ್ರಜಾಪ್ರಭುತ್ವವೇ ಹಾಳಾಗುತ್ತದೆ ಎನ್ನುವುದು ಎಷ್ಟು ನಿಜ?
— ಓದುಗರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. 2024ರಲ್ಲಿ ಭಾರತ, ಅಮೆರಿಕ, ಬ್ರಿಟನ್, ಇಂಡೊನೇಷ್ಯಾ ಎಲ್ಲ ಕಡೆ ಚುನಾವಣೆ ನಡೆಯಿತು. ಡೀಪ್‌ಫೇಕ್ (ಎಐನಿಂದ ಮಾಡಿದ ನಕಲಿ) ವಿಡಿಯೊಗಳಿಗೆ ಮತದಾರರು ಮರುಳಾಗಿಬಿಡುತ್ತಾರೆ ಎಂಬ ಭಯ ವರ್ಷವಿಡೀ ಇತ್ತು. ಆ ಮಟ್ಟಕ್ಕೆ ಹೋಗಲಿಲ್ಲ. ಆ ವರ್ಷದ ಪ್ರಮುಖ ಚುನಾವಣೆಗಳ ಹೊತ್ತಿನಲ್ಲಿ ಫ್ಯಾಕ್ಟ್‌ಚೆಕ್ ಆದ ಸುಳ್ಳುಗಳಲ್ಲಿ ಎಐನಿಂದ ಮಾಡಿದವು ಶೇ 1ಕ್ಕಿಂತ ಕಡಿಮೆ ಎಂದು ಫೇಸ್‌ಬುಕ್, ವಾಟ್ಸಾಪ್‌ಗಳ ಒಡೆತನದ ಮೆಟಾ ಕಂಪನಿ ಹೇಳಿತು. ಇದು ಕಂಪನಿ ತಾನೇ ಹಾಕಿದ ಲೆಕ್ಕ, ವಾಟ್ಸಾಪಿನೊಳಗಿನ ಮಾತು ಇಂಥ ಲೆಕ್ಕಕ್ಕೆ ಸುಲಭವಾಗಿ ಸಿಗುವುದೂ ಇಲ್ಲ. ಆದರೂ ನಮ್ಮಲ್ಲಿ ನಡೆದದ್ದು ಅದಕ್ಕೆ ತೀರಾ ದೂರವಿರಲಿಲ್ಲ. ಆ ಲೋಕಸಭಾ ಚುನಾವಣೆಯಲ್ಲಿ ದೊಡ್ಡ ಗದ್ದಲ ಎಬ್ಬಿಸಿದ್ದು, ಮೀಸಲಾತಿ ರದ್ದು ಮಾಡುತ್ತೇವೆಂದು ಅಮಿತ್ ಶಾ ಹೇಳಿದಂತೆ ತಿರುಚಿದ ವಿಡಿಯೊ. ಅದಕ್ಕೆ ಎಐ ಬೇಕಾಗಿರಲಿಲ್ಲ, ಮಾಮೂಲಿ ಎಡಿಟಿಂಗ್ ಸಾಕಾಗಿತ್ತು. ಪಕ್ಷಗಳು ಎಐ ಅನ್ನು ಹೆಚ್ಚಾಗಿ ಬಳಸಿದ್ದು ತಮ್ಮದೇ ಪ್ರಚಾರಕ್ಕೆ: 2018ರಲ್ಲಿ ತೀರಿಕೊಂಡ ಕರುಣಾನಿಧಿಯವರನ್ನು 2024ರ ಜನವರಿಯಲ್ಲಿ ಪರದೆಯ ಮೇಲೆ ಮಾತಾಡಿಸಿದರು, ಅದಕ್ಕೂ ಒಂದು ತಿಂಗಳು ಮೊದಲು ವಾರಾಣಸಿಯಲ್ಲಿ ಪ್ರಧಾನಿಯ ಹಿಂದಿ ಭಾಷಣ ಭಾಷಿಣಿ ತಂತ್ರಾಂಶದ ಮೂಲಕ ಅಲ್ಲಿದ್ದ ತಮಿಳರಿಗೆ ತಮಿಳಿನಲ್ಲಿ ಕೇಳಿಸಿತು. ಎರಡನೆಯದು ಒಳ್ಳೆಯ ಬಳಕೆ ಎಂದೇ ನನ್ನ ಅಭಿಪ್ರಾಯ.

ಹಾಗಾಗಿ 'ಹಾಳಾಗಿಯೇ ಹೋಯಿತು' ಎನ್ನುವುದು ಅತಿಯಾಯಿತು. ಅಪಾಯ ಇರುವುದು ಬೇರೆ ಜಾಗದಲ್ಲಿ, ಮತ್ತು ನೀವು ಕೇಳಿದ್ದು ಸರಿಯಾಗಿ ಅದೇ ಜಾಗದ ಬಗ್ಗೆ. ವಿಡಿಯೊ ಅಲ್ಲ, ಆಡಿಯೊ. ತಿಂಗಳ ಮುಂಚೆ ಅಲ್ಲ, ಕೊನೆಯ ಎರಡು ದಿನ. ದೊಡ್ಡ ಚುನಾವಣೆಗಿಂತ ಹೆಚ್ಚಾಗಿ, ಫ್ಯಾಕ್ಟ್‌ಚೆಕ್ ಮಾಡುವವರು ಯಾರೂ ತಿರುಗಿ ನೋಡದ ಚಿಕ್ಕ ಚುನಾವಣೆ.

ಕೊನೆಯ 48 ಗಂಟೆ

ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ಕ್ಕೆ ಸಂಸತ್ ಚುನಾವಣೆ ಇತ್ತು. ಎರಡು ದಿನ ಮೊದಲು ಒಂದು ಆಡಿಯೊ ಹೊರಬಿತ್ತು: ಪ್ರೊಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಒಬ್ಬ ಪತ್ರಕರ್ತೆಯೊಂದಿಗೆ ರೋಮಾ ಸಮುದಾಯದ ಮತ ಖರೀದಿಸುವ ಮಾತಾಡುತ್ತಿರುವಂತೆ. ಇಬ್ಬರೂ ಕೂಡಲೇ ಅಲ್ಲಗಳೆದರು, ಎಐ ಕೈವಾಡದ ಗುರುತುಗಳಿವೆ ಎಂದು ಪರಿಶೀಲಿಸಿದವರು ಹೇಳಿದರು. ಆದರೆ ಅಲ್ಲಿಯೂ ಮತದಾನಕ್ಕೆ ಮುಂಚಿನ 48 ಗಂಟೆ ಮೌನದ ಅವಧಿ. ಮಾಧ್ಯಮಗಳು, ನಾಯಕರು ಬಾಯಿ ಬಿಡುವಂತಿಲ್ಲ. ಸುಳ್ಳಿಗೆ ಆ ಕಟ್ಟುಪಾಡಿಲ್ಲ. ಆಗ ಮೆಟಾದ ನಿಯಮ ಬಾಯಲ್ಲಿ ಇಲ್ಲದ ಮಾತು ತುರುಕಿದ ವಿಡಿಯೊಗಳಿಗಷ್ಟೇ ಇತ್ತು, ಬರೀ ಆಡಿಯೊ ಅದರಿಂದ ಹೊರಗೇ ಉಳಿದಿತ್ತು. ಶಿಮೆಚ್ಕಾ ಪಕ್ಷ ಸೋತಿತು. ಆಡಿಯೊದಿಂದಲೇ ಸೋತಿತು ಎನ್ನಲು ಆಧಾರ ಇಲ್ಲ, ಹಾಗೆ ಬರೆದದ್ದನ್ನು ಓದಿದರೆ ನಂಬಬೇಡಿ.

ಇನ್ನೊಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ್ದು. 2024ರ ಜನವರಿ 23ರಂದು ಪಕ್ಷದ ಅಭ್ಯರ್ಥಿ ಆಯ್ಕೆಯ ಮತದಾನ. 21ರ ಭಾನುವಾರ ಸಾವಿರಾರು ಮನೆಗಳಿಗೆ ಆಗಿನ ಅಧ್ಯಕ್ಷ ಬೈಡನ್ ದನಿಯಲ್ಲಿ ಫೋನ್ ಹೋಯಿತು: ಈಗ ಮತ ಹಾಕಬೇಡಿ, ನವೆಂಬರ್‌ಗೆ ಉಳಿಸಿಕೊಳ್ಳಿ ಎಂದು. ಮಾಡಿಸಿದ್ದು ಸ್ಟೀವ್ ಕ್ರೇಮರ್ ಎಂಬ ರಾಜಕೀಯ ಸಲಹೆಗಾರ. ದನಿ ತಯಾರಿಸಿಕೊಟ್ಟದ್ದು ಒಬ್ಬ ಜಾದೂಗಾರ. ಆತನೇ ಪತ್ರಕರ್ತರಿಗೆ ಹೇಳಿದ ಪ್ರಕಾರ ತಗುಲಿದ ಸಮಯ 20 ನಿಮಿಷಕ್ಕಿಂತ ಕಡಿಮೆ, ಖರ್ಚು 1 ಡಾಲರ್, ಸಿಕ್ಕ ಕೂಲಿ 150 ಡಾಲರ್. ಅಲ್ಲಿನ ದೂರಸಂಪರ್ಕ ಆಯೋಗ ಕ್ರೇಮರ್‌ಗೆ 60 ಲಕ್ಷ ಡಾಲರ್ ದಂಡ ಹಾಕಿತು. ಆದರೆ 2025ರ ಜೂನ್‌ನಲ್ಲಿ ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ಆತನನ್ನು ಬಿಡುಗಡೆ ಮಾಡಿತು. ಅದು ಪಕ್ಷದ ರಾಷ್ಟ್ರೀಯ ಸಮಿತಿ ಮಾನ್ಯ ಮಾಡದ ಮತದಾನ, ನಿಜವಾದ ಚುನಾವಣೆಯೇ ಅಲ್ಲ ಎಂಬುದು ಆತನ ಪರ ವಾದವಾಗಿತ್ತು. ದಂಡ, ತೀರ್ಪು ಎಲ್ಲ ಮತ ಎಣಿಸಿ ಎಷ್ಟೋ ತಿಂಗಳಾದ ಮೇಲೆ ಬರುತ್ತವೆ.

ಈ 1 ಡಾಲರ್ ಖರ್ಚನ್ನು ನಿಮ್ಮ ಪಂಚಾಯ್ತಿಗೆ ತಂದು ನೋಡಿ. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯ. ಹತ್ತಿಪ್ಪತ್ತು ಮತಗಳಲ್ಲಿ ಗೆಲುವು ತೀರ್ಮಾನವಾಗುತ್ತದೆ. ಇಡೀ ಕ್ಷೇತ್ರ ಎರಡು ಮೂರು ವಾಟ್ಸಾಪ್ ಗ್ರೂಪುಗಳಲ್ಲಿ ಅಡಗಿರುತ್ತದೆ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ.

ದನಿ ನಕಲಾಗುವುದು ಹೇಗೆ

ಎರಡು ದಾರಿಗಳಿವೆ. ಒಂದು, ಬರೆದು ಕೊಟ್ಟದ್ದನ್ನು ಯಂತ್ರ ಆ ದನಿಯಲ್ಲಿ ಓದುವುದು. ಮೈಕ್ರೊಸಾಫ್ಟ್ 2023ರಲ್ಲಿ ಇದಕ್ಕೆ 3 ಸೆಕೆಂಡ್ ಮಾದರಿ ಸಾಕು ಎಂದು ತೋರಿಸಿತು, ಓಪನ್‌ಎಐ 2024ರಲ್ಲಿ 15 ಸೆಕೆಂಡ್ ಎಂದಿತು. ಗ್ರಾಮಸಭೆಯ ಒಂದು ವಿಡಿಯೊ, ಮದುವೆಯಲ್ಲಿ ಮೈಕ್ ಹಿಡಿದು ಹಾರೈಸಿದ ತುಣುಕು, ಏನಾದರೂ ನಡೆಯುತ್ತದೆ. ಎರಡನೆಯದು ದನಿ ಬದಲಾವಣೆ: ಮನುಷ್ಯನೊಬ್ಬ ಮಾತಾಡುತ್ತಾನೆ, ಯಂತ್ರ ಅವನ ಕಂಠವನ್ನು ಮಾತ್ರ ಇನ್ನೊಬ್ಬರ ಕಂಠಕ್ಕೆ ತಿರುಗಿಸುತ್ತದೆ. ಏರಿಳಿತ, ಉಸಿರು, ಆಡುಮಾತು ಮಾತಾಡಿದವನದ್ದೇ ಉಳಿಯುತ್ತದೆ.

ಕನ್ನಡಕ್ಕೆ ಈ ವ್ಯತ್ಯಾಸ ಬಹಳ ಮುಖ್ಯ. ಮೊದಲ ದಾರಿಯಲ್ಲಿ ಬಂದದ್ದು ಹಲವು ಸಲ ತಾನಾಗಿಯೇ ಸಿಕ್ಕಿಬೀಳುತ್ತದೆ. ತಿಪಟೂರಿನವರು 'ಮಾಡ್ತೀವಿ', 'ಹೋಗವ್ರೆ' ಎನ್ನುವ ಕಡೆ ಯಂತ್ರ 'ಮಾಡುತ್ತೇವೆ', 'ಹೋಗಿದ್ದಾರೆ' ಎಂದು ಪುಸ್ತಕದ ಕನ್ನಡ ಓದುತ್ತದೆ; ಲಕಾರ ಳಕಾರ ಅದಲುಬದಲಾಗುತ್ತದೆ; ಒತ್ತಕ್ಷರ ಸಡಿಲವಾಗುತ್ತದೆ; '2,500' ಎಂಬುದನ್ನು 'ಎರಡೂವರೆ ಸಾವಿರ' ಎನ್ನದೆ 'ಎರಡು ಸಾವಿರದ ಐದು ನೂರು' ಎನ್ನುತ್ತದೆ; ಊರಿನ ಹೆಸರಿನಲ್ಲಿ ತಪ್ಪುತ್ತದೆ. ಎರಡನೇ ದಾರಿಯಲ್ಲಿ ಈ ಯಾವ ಸುಳಿವೂ ಸಿಗದು. ಊರಿನವನೇ ಆದ ಒಬ್ಬ ಮಿಮಿಕ್ರಿ ಹುಡುಗ ಮಾತಾಡಿ, ಅದರ ಮೇಲೆ ಅಭ್ಯರ್ಥಿಯ ಕಂಠ ಹಾಕಿದರೆ ಆಡುಮಾತು ಪಕ್ಕಾ ನಿಮ್ಮೂರಿನದ್ದೇ ಆಗಿರುತ್ತದೆ. ಆದ್ದರಿಂದ ಮೇಲಿನ ತಪ್ಪುಗಳು ಕಂಡರೆ ಅನುಮಾನಪಡಿ. ಕಾಣಲಿಲ್ಲ ಎಂದು ಅಸಲಿ ಎನ್ನಬೇಡಿ. ಯಂತ್ರಗಳು ಸುಧಾರಿಸಿದಂತೆ ಆ ತಪ್ಪುಗಳೂ ಕಡಿಮೆಯಾಗುತ್ತಿವೆ.

ಪತ್ತೆ ಮಾಡುವ ಆ್ಯಪ್‌ಗಳು ಯಾಕೆ ತೀರ್ಪು ಆಗಲಾರವು

'ಶೇ 78 ಎಐ' ಎಂದು ತೋರಿಸುವ ವೆಬ್‌ಸೈಟುಗಳಿವೆ. ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವ ಮುಂಚೆ ಮೂರು ವಿಷಯ ಗೊತ್ತಿರಬೇಕು.

ವಾಟ್ಸಾಪ್ ತನ್ನ ಧ್ವನಿ ಸಂದೇಶವನ್ನು ಓಪಸ್ ಎಂಬ ವಿಧಾನದಲ್ಲಿ ಚೆನ್ನಾಗಿ ಕುಗ್ಗಿಸುತ್ತದೆ. ಯಂತ್ರದ ಕುರುಹು ಹೆಚ್ಚಾಗಿ ಉಳಿಯುವುದು ಹೆಚ್ಚಿನ ಕಂಪನಾಂಕಗಳಲ್ಲಿ, ಅಂದರೆ ದನಿಯ ತೀಕ್ಷ್ಣ ಭಾಗದಲ್ಲಿ, ಕುಗ್ಗಿಸುವಾಗ ಮೊದಲು ಹೋಗುವುದೂ ಅವೇ. ಒಂದು ಫೋನಿನಲ್ಲಿ ನುಡಿಸಿ ಇನ್ನೊಂದರಲ್ಲಿ ರೆಕಾರ್ಡ್ ಮಾಡಿದ್ದರಂತೂ ಮುಗಿದೇ ಹೋಯಿತು. ಎರಡನೆಯದಾಗಿ, ಇಂಥ ಉಪಕರಣಗಳು ಹೆಚ್ಚಾಗಿ ಇಂಗ್ಲಿಷ್ ಮಾತಿನ ಮೇಲೆ ಪಳಗಿದವು. 2024ರ ಚುನಾವಣೆಗೆ ಮುಂಚೆ ದೇಶದ ಫ್ಯಾಕ್ಟ್‌ಚೆಕ್ ಸಂಸ್ಥೆಗಳ ಒಕ್ಕೂಟ ಡೀಪ್‌ಫೇಕ್ ಪರಿಶೀಲನೆಗೆ ವಾಟ್ಸಾಪ್ ಸಹಾಯವಾಣಿ ತೆರೆದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಮೂರನೆಯದು ಬರೀ ಲೆಕ್ಕ. ಚುನಾವಣೆ ಹೊತ್ತಿನಲ್ಲಿ 1,000 ಆಡಿಯೊ ಓಡಾಡುತ್ತಿವೆ, ಅವುಗಳಲ್ಲಿ 10 ಮಾತ್ರ ನಕಲಿ ಎಂದುಕೊಳ್ಳಿ. ಆ್ಯಪ್ 100ಕ್ಕೆ 95 ಸಲ ಸರಿ ಹೇಳುತ್ತದೆ ಎಂದೂ ಇಟ್ಟುಕೊಳ್ಳಿ. ನಕಲಿ ಹತ್ತರಲ್ಲಿ ಒಂಬತ್ತೋ ಹತ್ತೋ ಅದಕ್ಕೆ ಸಿಗುತ್ತವೆ. ಆದರೆ ಉಳಿದ 990 ಅಸಲಿಗಳಲ್ಲಿ ಸುಮಾರು 50ನ್ನೂ ಅದು ನಕಲಿ ಎನ್ನುತ್ತದೆ. ಅಂದರೆ ಅದು 'ನಕಲಿ' ಎಂದು ಬೆರಳು ತೋರಿಸಿದ ಸುಮಾರು 60ರಲ್ಲಿ 50 ಅಸಲಿ! ಆ್ಯಪ್‌ನ ಉತ್ತರ ವಿಚಾರಣೆ ಶುರುಮಾಡಲು ಒಂದು ನೆಪವಾದೀತು, ಅಷ್ಟೇ.

ಹಾಗಾದರೆ ಏನು ನೋಡಬೇಕು

ಕಿವಿಗೆ ಕೊಟ್ಟ ಕೆಲಸವನ್ನು ಬಿಟ್ಟು ಆಡಿಯೊ ಎಲ್ಲಿಂದ ಬಂತು ಎಂಬುದನ್ನು ಹಿಡಿಯಿರಿ. ಹಳ್ಳಿಯಲ್ಲಿ ಇದಕ್ಕೆ ನಗರಕ್ಕಿಂತ ಹೆಚ್ಚು ಅನುಕೂಲ ಇದೆ, ಕೇಳಿ ತಿಳಿಯಬಹುದಾದ ಜನ ಎದುರಿಗೇ ಸಿಗುತ್ತಾರೆ.

ಮೊದಲು ಫಾರ್ವರ್ಡ್ ಗುರುತು ನೋಡಿ. ಎರಡು ಬಾಣದ ಗುರುತು ಇದ್ದರೆ ಅದು ಮೂಲದಿಂದ ಕನಿಷ್ಠ ಐದು ಕೈ ದಾಟಿ ಬಂದದ್ದು, ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ವಾಟ್ಸಾಪ್ ಬಿಡುತ್ತದೆ. ಗುರುತು ಇಲ್ಲದಿದ್ದರೆ ಹೊಸದು ಎಂದೇನೂ ಅಲ್ಲ. ಫೈಲ್ ಇಳಿಸಿಕೊಂಡು ಮತ್ತೆ ಹೊಸದಾಗಿ ಹಾಕಿದರೆ ಬಾಣ ಮಾಯವಾಗುತ್ತದೆ.

ಆಮೇಲೆ ಫೈಲಿನ ಹೆಸರು. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಮೈಕ್ ಒತ್ತಿ ರೆಕಾರ್ಡ್ ಮಾಡಿದ್ದು 'ಪಿಟಿಟಿ' ಎಂದು ಶುರುವಾಗುವ ಹೆಸರಿನಲ್ಲಿ ಉಳಿಯುತ್ತದೆ, ಹೊರಗಿನಿಂದ ಸೇರಿಸಿದ ಆಡಿಯೊ ಫೈಲ್ 'ಎಯುಡಿ' ಎಂದು ಶುರುವಾಗುತ್ತದೆ. 'ಅವರೇ ಗ್ರೂಪಿನಲ್ಲಿ ಮಾತಾಡಿ ಹಾಕಿದ್ದು' ಎಂದು ಯಾರಾದರೂ ಹೇಳಿ, ಫೈಲ್ 'ಎಯುಡಿ' ಆಗಿದ್ದರೆ ಆ ಮಾತನ್ನು ಅನುಮಾನಿಸಿ. ಆ ಹೆಸರಿನಲ್ಲಿರುವ ದಿನಾಂಕ ನಿಮ್ಮ ಫೋನಿಗೆ ಬಂದ ದಿನದ್ದು, ಮಾತಾಡಿದ ದಿನದ್ದಲ್ಲ. ಇದರಲ್ಲಿ ಬಹಳ ಜನ ಎಡವುತ್ತಾರೆ.

ನಂತರದ್ದು ಅತಿ ಮುಖ್ಯ, ಅದಕ್ಕೆ ಯಂತ್ರ ಬೇಡ. ಕಳಿಸಿದವರಿಗೆ ನೇರ ಫೋನ್ ಮಾಡಿ ಕೇಳಿ: ನಿಮಗೆ ಯಾರು ಕಳಿಸಿದರು? ಯಾವ ದಿನ, ಎಲ್ಲಿ, ಯಾರ ಮುಂದೆ ಆಡಿದ ಮಾತು? ಪೂರ್ತಿ ಆಡಿಯೊ ಇದೆಯಾ, ಇಷ್ಟೇ ತುಣುಕಾ? ಅಲ್ಲಿದ್ದ ಇನ್ನೊಬ್ಬರ ಹೆಸರು ಹೇಳಿ. ನಿಜವಾದ ರೆಕಾರ್ಡಿಂಗ್‌ಗೆ ಇವುಗಳಲ್ಲಿ ಒಂದೆರಡಕ್ಕಾದರೂ ಉತ್ತರ ಇರುತ್ತದೆ. ಮೂವರನ್ನು ಕೇಳಿದರೂ ಎಲ್ಲರೂ 'ಇನ್ನೊಂದು ಗ್ರೂಪಿನಲ್ಲಿ ಬಂತು' ಎಂದರೆ, 22 ಸೆಕೆಂಡಿನ ತುಣುಕಿಗೆ ಹಿಂದುಮುಂದು ಇಲ್ಲದಿದ್ದರೆ, ಅದೂ ಮತದಾನಕ್ಕೆ ಎರಡು ದಿನ ಇರುವಾಗ ಸಂಜೆ ಬಂದಿದ್ದರೆ, ಅದನ್ನು ಮುಂದಕ್ಕೆ ಕಳಿಸಬೇಡಿ. 'ನಿಜವೋ ಸುಳ್ಳೋ ಗೊತ್ತಿಲ್ಲ, ಬಂದದ್ದು ಹಾಕಿದ್ದೇನೆ' ಎಂದು ಬರೆದು ಹಾಕುವುದೂ ಹರಡುವ ಕೆಲಸವೇ.

ಆಡಿಯೊ ನಿಮ್ಮ ಅಭ್ಯರ್ಥಿಯ ಮೇಲೇ ಬಂದರೆ

ಮೊದಲ ಒಂದು ಗಂಟೆ ಸಾಕ್ಷ್ಯಕ್ಕೆ ಮೀಸಲಿಡಿ. ಫೈಲ್ ಬಂದ ಫೋನಿನಲ್ಲಿ ಅದನ್ನು ಅಳಿಸಬೇಡಿ, ಹೆಸರು ಬದಲಿಸಬೇಡಿ. ಗ್ರೂಪಿನ ಹೆಸರು, ಕಳಿಸಿದವರ ನಂಬರ್, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫೈಲನ್ನು ಕಂಪ್ಯೂಟರಿಗೆ ಹಾಕಿ ಎಸ್‌ಎಚ್‌ಎ-256 ಹ್ಯಾಶ್ ತೆಗೆಸಿ. 64 ಅಕ್ಷರಗಳ ಒಂದು ಸಾಲು ಬರುತ್ತದೆ, ಫೈಲಿನಲ್ಲಿ ಒಂದು ಬಿಂದು ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವೇ ಇದೆ. 'ಎ' ಭಾಗಕ್ಕೆ ಫೈಲ್ ಹಾಜರುಪಡಿಸುವವರು, 'ಬಿ' ಭಾಗಕ್ಕೆ ತಜ್ಞರು ಸಹಿ ಮಾಡಬೇಕು.

ಎರಡನೇ ಗಂಟೆಯಲ್ಲಿ ಉತ್ತರ ಹೊರಡಬೇಕು. ನಕಲಿ ಆಡಿಯೊವನ್ನೇ ಮತ್ತೆ ಹಾಕಿ 'ಇದು ಸುಳ್ಳು' ಎನ್ನಬೇಡಿ. ಕೇಳದವರೂ ಆಗ ಕೇಳುತ್ತಾರೆ. ಅಭ್ಯರ್ಥಿ ತಾವೇ ವಿಡಿಯೊದಲ್ಲಿ, ತಮ್ಮ ಮಾಮೂಲಿ ಮಾತಿನಲ್ಲಿ, ಒಂದು ನಿಮಿಷದೊಳಗೆ ಹೇಳಲಿ: ಯಾವ ಮಾತು ತಮ್ಮದಲ್ಲ, ಆ ಹೊತ್ತಿಗೆ ತಾವು ಎಲ್ಲಿದ್ದರು, ಜೊತೆಗೆ ಯಾರಿದ್ದರು, ಎಲ್ಲಿ ದೂರು ಕೊಟ್ಟಿದ್ದಾರೆ. ಆಡಿಯೊ ಓಡಾಡಿದ ಅದೇ ಗ್ರೂಪುಗಳಿಗೆ ಅದು ಹೋಗಲಿ. ವಾಟ್ಸಾಪ್ ನೋಡದ ಮನೆಗಳಿಗೆ ನಡೆದೇ ಹೋಗಬೇಕು.

ದೂರಿನ ವಿಷಯದಲ್ಲಿ ಬಹಳ ಜನ ತಪ್ಪು ಬಾಗಿಲು ತಟ್ಟುತ್ತಾರೆ. ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಪಂಚಾಯ್ತಿ, ನಗರಸಭೆಗಳದ್ದು ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಚುನಾವಣಾ ಅಕ್ರಮದ ದೂರು ಕೊಡುವ ಸಿ-ವಿಜಿಲ್ ಆ್ಯಪ್, 1950 ಸಹಾಯವಾಣಿ ಮೊದಲನೆಯದಕ್ಕೆ ಸೇರಿದವು. ಸಿ-ವಿಜಿಲ್‌ನಲ್ಲಿ 100 ನಿಮಿಷದೊಳಗೆ ಕ್ರಮ ಎಂಬ ಗಡುವು ಇದೆ, ನಿಜ. ಆದರೆ ಅದು ಆ್ಯಪ್‌ನೊಳಗೇ ಆಗಷ್ಟೇ ತೆಗೆದ ಫೋಟೊ, ವಿಡಿಯೊ, ಆಡಿಯೊ ಮಾತ್ರ ತೆಗೆದುಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೈಲ್ ಹಾಕಲು ಬಿಡುವುದಿಲ್ಲ. ಪಂಚಾಯ್ತಿಗಾದರೆ ನಿಮ್ಮ ಚುನಾವಣಾಧಿಕಾರಿ ಮತ್ತು ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ ಹೋಗಲಿ, ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಇನ್ನೊಂದು.

ಪೊಲೀಸ್ ದೂರಿನಲ್ಲಿ ಬರೀ 'ಚುನಾವಣೆಯಲ್ಲಿ ಸುಳ್ಳು ಹೇಳಿಕೆ' ಎಂದು ಬರೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 175ನೇ ಕಲಮಿಗೆ ಹೋಗುತ್ತದೆ. ಅದಕ್ಕೆ ಶಿಕ್ಷೆ ದಂಡ ಮಾತ್ರ, ಕೋರ್ಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯಲೂ ಆಗದು. ಬೇರೆಯವರ ದನಿ ಸೃಷ್ಟಿಸಿ ಮಾನಕ್ಕೆ ಧಕ್ಕೆ ತಂದದ್ದು ಮುಖ್ಯವಾಗಿ ಕಾಣುವಂತೆ ಬರೆಯಿರಿ: ಹೆಸರು ಕೆಡಿಸಲು ಖೋಟಾ ಸೃಷ್ಟಿಗೆ ನ್ಯಾಯ ಸಂಹಿತೆಯ 336(4), ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸಿದ್ದಕ್ಕೆ ಐಟಿ ಕಾಯ್ದೆಯ 66ಡಿ. ಎರಡಕ್ಕೂ 3 ವರ್ಷದವರೆಗೆ ಶಿಕ್ಷೆ ಇದೆ. ಯಾವ ಕಲಂ ಹಾಕಬೇಕೆಂದು ತೀರ್ಮಾನಿಸುವುದು ಪೊಲೀಸರು. ಸಂಗತಿ ಸ್ಪಷ್ಟವಾಗಿ ಬರೆದುಕೊಡುವುದು ನಿಮ್ಮ ಕೈಲಿದೆ.

ಫೇಸ್‌ಬುಕ್, ಯೂಟ್ಯೂಬ್‌ನಲ್ಲಿ ಬಂದಿದ್ದರೆ ಆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ತೆಗೆಯಲು ಐಟಿ ನಿಯಮಗಳಲ್ಲಿ ಗಡುವು ಇದೆ. 2026ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಗಡುವುಗಳನ್ನು ಬಿಗಿ ಮಾಡಿದೆ, ಎಐ ವಿಷಯಕ್ಕೆ ಗುರುತು ಹಾಕುವುದನ್ನೂ ಕಡ್ಡಾಯ ಮಾಡಿದೆ. ವಾಟ್ಸಾಪ್‌ನ ಕಥೆ ಬೇರೆ. ಸಂದೇಶಗಳು ಎನ್‌ಕ್ರಿಪ್ಟ್ ಆಗಿರುವುದರಿಂದ, ಅಂದರೆ ಕಳಿಸಿದವರು, ಪಡೆದವರ ಹೊರತು ಬೇರೆಯವರು ಓದಲಾಗದಂತೆ ಇರುವುದರಿಂದ, ಸಾವಿರ ಫೋನುಗಳಿಗೆ ಹೋದ ಆಡಿಯೊವನ್ನು ಕಂಪನಿ ಹಿಂದಕ್ಕೆ ಎಳೆಯಲಾರದು, ಹೆಚ್ಚೆಂದರೆ ದೂರು ಬಂದ ಖಾತೆ ಮುಚ್ಚೀತು. ಗ್ರೂಪ್ ಅಡ್ಮಿನ್ 'ಎಲ್ಲರಿಗೂ ಅಳಿಸು' ಒತ್ತುವುದೇ ಅಲ್ಲಿ ಎಲ್ಲಕ್ಕಿಂತ ಬೇಗ ಆಗುವ ಕೆಲಸ. ಸಾಕ್ಷ್ಯ ತೆಗೆದಿಟ್ಟುಕೊಂಡ ಮೇಲೆ ಅವರನ್ನು ಕೇಳಿ.

ನಿಯಮದಲ್ಲಿರುವ ತೂತುಗಳು

2025ರ ಅಕ್ಟೋಬರ್‌ನಲ್ಲಿ ಭಾರತ ಚುನಾವಣಾ ಆಯೋಗ ಪಕ್ಷಗಳಿಗೆ ಸೂಚಿಸಿತು: ಎಐನಿಂದ ಮಾಡಿದ ಚಿತ್ರ, ವಿಡಿಯೊಗಳಲ್ಲಿ ಕನಿಷ್ಠ ಶೇ 10 ಜಾಗದಲ್ಲಿ, ಆಡಿಯೊ ಆದರೆ ಮೊದಲ ಶೇ 10 ಅವಧಿಯಲ್ಲಿ ಹಾಗೆಂದು ಗುರುತು ಇರಬೇಕು, ದಾರಿ ತಪ್ಪಿಸುವಂಥದ್ದು ಪಕ್ಷದ ಖಾತೆಯಲ್ಲಿ ಕಂಡರೆ 3 ಗಂಟೆಯೊಳಗೆ ತೆಗೆಯಬೇಕು. ಒಳ್ಳೆಯದೇ. ಆದರೆ 30 ಸೆಕೆಂಡಿನ ಆಡಿಯೊದಲ್ಲಿ ಗುರುತು ಇರುವುದು ಮೊದಲ 3 ಸೆಕೆಂಡ್, ಅದನ್ನು ಕತ್ತರಿಸಲು ಅರ್ಧ ನಿಮಿಷ ಬೇಡ. ಕೆಟ್ಟ ಉದ್ದೇಶದವನು ಗುರುತು ಹಾಕುವುದೂ ಇಲ್ಲ. ಇದೆಲ್ಲಕ್ಕಿಂತ ಹೆಚ್ಚಾಗಿ, ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಇಲ್ಲದೆ ನಡೆಯುವಂಥದ್ದು. ಪಕ್ಷಕ್ಕೆ ಬರೆದ ಸೂಚನೆ ಅಲ್ಲಿ ಯಾರನ್ನು ಕಟ್ಟಿಹಾಕೀತು? ಈ ತೂತನ್ನು ಮುಚ್ಚಬೇಕಾದ್ದು ರಾಜ್ಯ ಚುನಾವಣಾ ಆಯೋಗ: ತಾಲ್ಲೂಕಿಗೊಂದು ದೂರು ವಾಟ್ಸಾಪ್ ನಂಬರ್, ಕೊನೆಯ 48 ಗಂಟೆಗೆ ಅದರ ಮುಂದೆ ಕೂರುವ ಒಬ್ಬ ಅಧಿಕಾರಿ, ಅಲ್ಲಗಳೆದ ಹೇಳಿಕೆಯನ್ನು ಪಂಚಾಯ್ತಿ ಫಲಕಕ್ಕೆ ಹಚ್ಚುವ ವ್ಯವಸ್ಥೆ. ದೊಡ್ಡ ತಂತ್ರಜ್ಞಾನ ಏನೂ ಬೇಡ.

ಕಾನೂನು ಕಠಿಣವಾದಷ್ಟೂ ಒಳ್ಳೆಯದು ಎಂದು ನಾನು ಹೇಳಲಾರೆ. 2025ರ ಜೂನ್‌ನಲ್ಲಿ ಸುದ್ದಿಯಾದ ಕರ್ನಾಟಕದ ಸುಳ್ಳು ಸುದ್ದಿ ನಿಷೇಧದ ಕರಡು ಮಸೂದೆಯಲ್ಲಿ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಇತ್ತು, ಮೇಲುಸ್ತುವಾರಿಗೆ ಸರ್ಕಾರವೇ ಕಟ್ಟುವ ಪ್ರಾಧಿಕಾರ. ಯಾವುದು ಸುಳ್ಳು ಎನ್ನುವ ಅಧಿಕಾರ ಆಳುವವರ ಕೈಗೆ ಹೋದರೆ ಚುನಾವಣೆ ಹೊತ್ತಿನಲ್ಲಿ ಮೊದಲು ಅಳಿಯುವುದು ಅವರ ಮೇಲಿನ ಟೀಕೆ. ಕೇಂದ್ರ ಸರ್ಕಾರ ತನ್ನದೇ ಫ್ಯಾಕ್ಟ್‌ಚೆಕ್ ಘಟಕಕ್ಕೆ ಇಂಥ ಅಧಿಕಾರ ಕೊಟ್ಟಿದ್ದನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದೆ.

ಅಸಲಿಯನ್ನೇ 'ಎಐ' ಎಂದರೆ?

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನ್ನ ಮಟ್ಟಿಗೆ ಹೆಚ್ಚು ಭಯದ ವಿಷಯ ಇದು. ದುಡ್ಡು ಹಂಚುವಾಗ ನಿಜವಾಗಿಯೇ ಸಿಕ್ಕಿಬಿದ್ದವರೂ ಇನ್ನು ಮೇಲೆ 'ಅದು ಎಐ' ಎಂದು ಕೈತೊಳೆದುಕೊಳ್ಳಬಹುದು. ಅನುಮಾನ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಆಫ್ರಿಕಾದ ಗಬಾನ್ ಉದಾಹರಣೆ. ಅಲ್ಲಿನ ಆಗಿನ ಅಧ್ಯಕ್ಷ ಅಲಿ ಬೊಂಗೊ ಕಾಯಿಲೆಯಿಂದ ತಿಂಗಳುಗಟ್ಟಲೆ ಕಾಣಿಸದೆ, 2019ರ ಹೊಸ ವರ್ಷಕ್ಕೆ ಒಂದು ವಿಡಿಯೊದಲ್ಲಿ ಬಂದರು. ಮುಖಭಾವ ವಿಚಿತ್ರವಾಗಿತ್ತು, ಇದು ಡೀಪ್‌ಫೇಕ್ ಎಂಬ ಮಾತು ಹಬ್ಬಿತು. ಜನವರಿ 7ರಂದು ಸೈನಿಕರ ಒಂದು ಗುಂಪು ಕ್ಷಿಪ್ರಕ್ರಾಂತಿಗೆ ಯತ್ನಿಸಿತು, ಆ ವಿಡಿಯೊ ಅವರ ಅನುಮಾನಗಳಲ್ಲಿ ಒಂದಾಗಿತ್ತು. ಅದು ಡೀಪ್‌ಫೇಕ್ ಎನ್ನಲು ಪರಿಶೀಲನೆಯಲ್ಲಿ ಪುರಾವೆ ಸಿಗಲಿಲ್ಲ. ಬೊಂಗೊ ಅವರಿಗೆ ಪಾರ್ಶ್ವವಾಯು ಆಗಿತ್ತು.

ಆದ್ದರಿಂದ ಅಲ್ಲಗಳೆಯುವವರಿಗೂ ಅದೇ ಪ್ರಶ್ನೆ ಕೇಳಬೇಕು. 'ಎಐ' ಎಂಬ ಒಂದು ಮಾತು ಉತ್ತರವಲ್ಲ. ಆ ದಿನ ಎಲ್ಲಿದ್ದಿರಿ, ದೂರು ಕೊಟ್ಟಿದ್ದೀರಾ, ಸ್ವೀಕೃತಿ ಎಲ್ಲಿ? ನಿಜವಾಗಿ ನಕಲಿಗೆ ಗುರಿಯಾದವರು ಸಾಮಾನ್ಯವಾಗಿ ದೂರು ಕೊಡಲು ಹಿಂಜರಿಯುವುದಿಲ್ಲ. ಇನ್ನು ನೀವೇ ಅಕ್ರಮ ಕಂಡು ರೆಕಾರ್ಡ್ ಮಾಡುವುದಾದರೆ, ಆಮೇಲೆ ಯಾರೂ ಎಐ ಎನ್ನದಂತೆ ಮಾಡಿ: ಇಬ್ಬರು ಎರಡು ಫೋನಿನಲ್ಲಿ ತೆಗೆಯಿರಿ, ತುಂಡು ಮಾಡದೆ ಪೂರ್ತಿ ಇಡಿ, ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ, ವಿಧಾನಸಭೆ ಅಥವಾ ಲೋಕಸಭೆ ಚುನಾವಣೆ ಆಗಿದ್ದರೆ ಸಿ-ವಿಜಿಲ್‌ನಿಂದಲೇ ತೆಗೆಯಿರಿ.

ಫಲಿತಾಂಶದ ನಂತರ ಚುನಾವಣಾ ತಕರಾರು ಅರ್ಜಿ ಹಾಕಲು ವಿಧಾನಸಭೆ, ಲೋಕಸಭೆಗೆ 45 ದಿನ, ಅದು ಹೈಕೋರ್ಟಿಗೆ. ಗ್ರಾಮ ಪಂಚಾಯ್ತಿಗೆ 30 ದಿನ. ಅಲ್ಲಿಯವರೆಗೆ ಫೋನ್ ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜಿಗೆ ಕೊಡಬೇಡಿ. ಗ್ರೂಪಿನಲ್ಲಿ ಸಂದೇಶ ತಾನಾಗಿ ಅಳಿಯುವ ಸೆಟ್ಟಿಂಗ್ 7 ಅಥವಾ 90 ದಿನಕ್ಕೆ ಇದ್ದರೆ ಈಗಲೇ ಆಫ್ ಮಾಡಿಸಿ. ಆದರೆ ಅದು ಆಮೇಲೆ ಬರುವ ಸಂದೇಶಗಳಿಗಷ್ಟೇ ಅನ್ವಯ, ಮೊದಲೇ ಬಂದದ್ದನ್ನು ಬೇರೆ ಕಡೆ ಉಳಿಸಿಕೊಂಡಿರಬೇಕು.